ಭಾವನ ಮಳೆ ಬೇರೆ ಊರಿನದು

ನಮ್ಮ ಭಾವ ವಾಸವಾಗಿರುವುದು ನೈರೋಬಿಯಲ್ಲಿ, ನೆನೆಯುವುದು ಮಾತ್ರ ಮಾರಿಷಸ್ಸಿನ ಮಳೆಯಲ್ಲಿ! ನಂಬದಿದ್ದರೆ ಆ ನವೆಂಬರಿನ ಭಾನುವಾರ ಕಿಲೆಲೆಶ್ವಾದ ಅವರ ಫ್ಲ್ಯಾಟಿನಲ್ಲಿ ನೀವೂ ಇರಬೇಕಿತ್ತು. ಇದ್ದವರು ಮೂರೇ ಜನ: ಸೌಟು ಹಿಡಿದ ಅಕ್ಕ, ಬಿಸಿಬೇಳೆಬಾತಿನ ತಟ್ಟೆಯ ಮುಂದೆ ನಾನು, ಸಾವಿನ ಮನೆಗೆ ಹೊರಟವರ ಮುಖ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕೂತ ಭಾವ.

"ಈ ಸಲ ಮಳೆ ವಾಡಿಕೆಗಿಂತ ಜಾಸ್ತಿ. ಸೈಕ್ಲೋನೂ ಜಾಸ್ತಿ," ಎಂದರು.

"ಇಲ್ಲಿ ನೈರೋಬೀಲೂನಾ ಭಾವ?"

"ಇಲ್ಲೀದು ಕಟ್ಕೊಂಡು ನಂಗೇನು?"

ಅವರ ಒಬ್ಬಳೇ ಮಗಳು ಇಲ್ಲೇ ಬೆಳೆದವಳು. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಅಪ್ಪ ಬೇಡವೆಂದರೂ ಮಾರಿಷಸ್ಸಿನ ಮೇಷ್ಟ್ರೊಬ್ಬನನ್ನು ಮದುವೆಯಾಗಿ ಆ ದ್ವೀಪಕ್ಕೆ ಹೋದಳು. ಭಾವ ಅವಳೊಡನೆ ಮಾತು ಬಿಟ್ಟರು. ಹವಾಮಾನ ಮಾತ್ರ ಬಿಡಲಾಗಲಿಲ್ಲ. ಆ ದ್ವೀಪದ ಮಳೆಗಾಲದ ಮುನ್ಸೂಚನೆ ಹೊರಬಿತ್ತೆಂದರೆ ಏಪ್ರಿಲ್ ತನಕ ಅಕ್ಕನ ಮನೆಗೆ ಸೂತಕ.

ನೈರೋಬಿಯ ಮಳೆ ಅವರ ಲೆಕ್ಕಕ್ಕೇ ಇಲ್ಲ. ಕೊಡೆ ಎಂಬ ವಸ್ತುವನ್ನು ಅವರು ಮುಟ್ಟಿದ್ದನ್ನು ಕಂಡವರಿಲ್ಲ. ಕಾರು ಕೆಟ್ಟಿದ್ದ ಒಂದು ದಿನ ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಿಂದಿಳಿದು, ತಲೆಯಿಂದ ಬೂಟಿನ ತನಕ ತೊಟ್ಟಿಕ್ಕುತ್ತಾ ಒಳಗೆ ಬಂದು, "ಏನು, ಮಳೆ ಬಂತಾ?" ಎಂದು ಅಕ್ಕನನ್ನೇ ವಿಚಾರಿಸಿದ ಮಹಾನುಭಾವರು!

ಜನವರಿಯಲ್ಲಿ ಇಲ್ಲಿ ಸುಡುಬಿಸಿಲು. ಅಕ್ಕ ಟೆರೇಸಿನ ತುಂಬ ಅಕ್ಕಿ ಸಂಡಿಗೆ ಇಟ್ಟಿದ್ದಳು. ದ್ವೀಪಕ್ಕೆ ಭಾರಿ ಮಳೆ ಎಂದು ಓದಿದ ಭಾವ ಮೇಲೆ ಓಡಿ, ಹಸಿ ಸಂಡಿಗೆಯನ್ನು ಹಾಸಿದ ಪಂಚೆಯ ಸಮೇತ ಸುತ್ತಿ ತಂದರು. ಅಕ್ಕ ಆ ಮುದ್ದೆಯನ್ನೇ ಊಟಕ್ಕೆ ಬಡಿಸಿದಳು. ಭಾವ ತಿಂದರು. ಉಪ್ಪು ಸ್ವಲ್ಪ ಕಡಿಮೆಯಂತೆ!

ಇನ್ನು ಭಾನುವಾರದ ಫೋನು. ಮಗಳ ಜೊತೆ ಮಾತಾಡುವುದು ಅಕ್ಕ. ಪಕ್ಕದಲ್ಲೇ ಕೂತು ಗೋಡೆಗೆ ಭಾಷಣ ಮಾಡುವುದು ಭಾವ. "ಕಿಟಕಿಗೆ ಹಲಗೆ ಹೊಡೆಸ್ಬೇಕು ಜನ. ನೀರು ತುಂಬಿಟ್ಕೋಬೇಕು." ಗೋಡೆ ಪಾಪ ಏನು ಹೇಳೀತು?

"ಅಮ್ಮಾ, ಟೆಲ್ ದಿ ವಾಲ್, ವಿಂಡೋಸ್ ಆರ್ ಡನ್," ಎಂದು ಫೋನಿನಿಂದ ಉತ್ತರ ಬರುತ್ತಿತ್ತು.

ಅಕ್ಕನಿಗೆ ನಗು ಬರುತ್ತಿರಲಿಲ್ಲ. "ನಾನು ಹೋದ್ಮೇಲೆ ಇವರಿಬ್ಬರ ನಡುವೆ ಫೋನ್ ಹಿಡ್ಕೊಳ್ಳೋರು ಯಾರೋ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು.

ಫೆಬ್ರವರಿಯಲ್ಲಿ ಮುನ್ಸೂಚನೆ ನಿಜವಾಯಿತು. ಚಂಡಮಾರುತ ಸೀದಾ ದ್ವೀಪದ ಮೇಲೆಯೇ ಹಾದುಹೋಯಿತು. ಮಗಳ ಫೋನ್ ಸತ್ತಿತು. ಭಾವ ಫ್ಯಾಕ್ಟರಿ ಕೆಲಸಕ್ಕೆ ಹೋಗಲಿಲ್ಲ, ಸ್ನಾನ ಮಾಡಲಿಲ್ಲ, ಲ್ಯಾಪ್‌ಟಾಪನ್ನೂ ತೆರೆಯಲಿಲ್ಲ. ಬಾಲ್ಕನಿಯ ಬಿಸಿಲಲ್ಲಿ ಶಾಲು ಹೊದ್ದು ಕೂತುಬಿಟ್ಟರು. ಅಕ್ಕ ತಂದಿಟ್ಟ ಕಾಫಿಯೆಲ್ಲ ಕೆನೆಗಟ್ಟಿತು. ನಾನು ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆದು, ಅವರ ಮುಖ ಕಂಡು ಕಾಫಿ ಲೋಟಗಳನ್ನೆತ್ತಿಕೊಂಡು ಒಳಗೆ ನಡೆದೆ.

ಮರುದಿನ ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅಕ್ಕ "ಹಲೋ" ಎಂದವಳು ದನಿ ಕೇಳಿದ್ದೇ ತಡ, ಫೋನನ್ನು ಭಾವನ ಕೈಗೆ ತುರುಕಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾವ ಫೋನ್ ನೋಡಿದರು, ಗೋಡೆ ನೋಡಿದರು.

"ಮಳೆ ನಿಂತಿತಾ?"

"ನಿಂತಿತು ಅಪ್ಪ," ಎಂದಳು ಮಗಳು. ಕನ್ನಡದಲ್ಲಿ.

ಆಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ. ಫೋನನ್ನು ಮಾತ್ರ ಇಡಲಿಲ್ಲ.

ಏಪ್ರಿಲಿನಲ್ಲಿ ಅವಳು ನೈರೋಬಿಗೆ ಬಂದಳು. ಹೊರಗೆ ಜೋರು ಮಳೆ. ಭಾವ ವಿಮಾನ ನಿಲ್ದಾಣಕ್ಕೆ ಎರಡು ಹೊಸ ಕೊಡೆ ತಂದಿದ್ದರು. ಒಂದನ್ನು ಮಗಳ ಮೇಲೆ ಹಿಡಿದರು, ಇನ್ನೊಂದನ್ನು ಅವಳ ಪೆಟ್ಟಿಗೆಯ ಮೇಲೆ ಹಿಡಿದರು. ಕಾರಿನ ತನಕ ತಾವು ನೆನೆದುಕೊಂಡೇ ಬಂದರು.