ಸರದಾರ ಗೆದ್ದ ಫ್ರಿಜ್ಜು

ನಮ್ಮ ಮನೆಯಲ್ಲಿ ಹೋರಿಯ ಸುದ್ದಿ ಎತ್ತಿದರೆ ಅದು ನೆಟ್ಟಗೆ ಮುಗಿದದ್ದೇ ಇಲ್ಲ. ಪರದೇಶದ ಈ ಹೇವರ್ಡಿನಲ್ಲಿ, ಸುತ್ತ ಗೋಡೌನುಗಳೇ ಇರುವ ಕಡೆ, ಹೋರಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಪ್ಪನ ಜೊತೆ ಬಂತು. ಹೋದ ವರ್ಷ ಏಪ್ರಿಲ್ಲಿನಲ್ಲಿ ಅಪ್ಪ ಹಾವೇರಿ ಕಡೆಯಿಂದ ನಾಲ್ಕು ತಿಂಗಳಿಗೆಂದು ಇಲ್ಲಿಗೆ ಬಂದರು. ಅವ್ವ ಬರಲಿಲ್ಲ, ಹೋರಿಯನ್ನು ನೋಡಿಕೊಳ್ಳಲು ಒಬ್ಬರು ಇರಬೇಕಲ್ಲ. ಅಪ್ಪನ ಫೋನಿನಲ್ಲಿ ಹೋರಿಯ ಫೋಟೋಗಳು ಲೆಕ್ಕವಿಲ್ಲದಷ್ಟಿದ್ದವು, ಅವ್ವನದು ಒಂದು. ಆ ಒಂದರಲ್ಲೂ ಅವ್ವ ಹೋರಿಯ ಹಿಂದೆ ನಿಂತಿದ್ದಾಳೆ.

೧. ಬೇಗ ರಿಟೈರಾಗುವ ಗುಟ್ಟು

ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ, ಮೈಮೇಲೆ ಜೂಲ, ಕೋಡಿಗೆ ಬಲೂನು ಕಟ್ಟಿ ಜನರ ನಡುವೆ ಓಡಲು ಬಿಡುತ್ತಾರೆ. ಗಂಡಸರು ಆ ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ದಾಟಿದ ಹೋರಿಗೆ ಬಹುಮಾನ. ಅಪ್ಪನ ಹೋರಿಯ ಹೆಸರು ಸರದಾರ. ಅವನು ಹಾಗೆ ಓಡಿ ಓಡಿ ಒಂದು ಬೈಕು, ಒಂದು ತಿಜೋರಿ ಮತ್ತು ಒಂದು ಫ್ರಿಜ್ಜು ಗೆದ್ದಿದ್ದಾನೆ.

ಅಪ್ಪ ಬಂದ ಹೊಸದರಲ್ಲಿ ನಮ್ಮನೆಯವರ ಆಫೀಸಿನ ಹಿರಿಯರೊಬ್ಬರು ಊಟಕ್ಕೆ ಬಂದಿದ್ದರು. ಬೆಂಗಳೂರಿನವರು, ಮನೆ ಸಿರಿವಂತರ ಊರಾದ ಲಾಸ್ ಆಲ್ಟೋಸಿನಲ್ಲಿ. ಐವತ್ತಕ್ಕೆ ಮುಂಚೆ ರಿಟೈರಾಗಬೇಕು ಎಂಬುದು ಅವರ ಜಪ. ಮಕ್ಕಳು ಏನು ಮಾಡಿಕೊಂಡಿದ್ದಾರೆ ಎಂದು ಅಪ್ಪನನ್ನು ಕೇಳಿದರು. ಮಗಳು ಇಲ್ಲಿದ್ದಾಳೆ, ಊರಲ್ಲಿ ಸರದಾರ ಇದ್ದಾನೆ, ಮನೆಯ ಫ್ರಿಜ್ಜು ಬೈಕು ಎಲ್ಲ ಅವನ ದುಡಿಮೆ ಎಂದರು ಅಪ್ಪ. ಈಗೆಲ್ಲಿ ಕೆಲಸ ಎಂದು ಹಿರಿಯರು ಕೇಳಿದರು.

ಅಪ್ಪ ಹೇಳಿದರು, “ಈಗೆಲ್ಲಿ ಕೆಲಸರೀ, ಬಿಟ್ಟು ನಾಕು ವರ್ಷಾತು. ಉಣತಾನ, ಮಲಗತಾನ.”

ಹಿರಿಯರು ತಟ್ಟೆ ಬಿಟ್ಟು ಅಪ್ಪನ ಕಡೆಗೇ ತಿರುಗಿ ಕೂತರು. ಅಷ್ಟು ಬೇಗ ರಿಟೈರಾಗಲು ಹೇಗೆ ಸಾಧ್ಯವಾಯಿತು ಎಂದು ಬಹಳ ವಿನಯದಿಂದ ಕೇಳಿದರು.

“ದಿನಾ ಹುರಳಿ, ಹತ್ತಿಕಾಳು ತಿನಬೇಕ್ರಿ. ಮತ್ತ ಯಾರ ಕೈಗೂ ಸಿಗಬಾರ್ದು.”

ನಮ್ಮನೆಯವರಿಗೆ ಸಾರು ನೆತ್ತಿಗೇರಿತು. ನಾನು ಅಡುಗೆಮನೆಗೆ ಓಡಿದೆ. ಹಿರಿಯರು ಮಾತ್ರ ಗಂಭೀರವಾಗಿ ತಲೆಯಾಡಿಸಿದರು. ಅಂದಿನಿಂದ ಅವರು ಆಫೀಸಿನ ಮೀಟಿಂಗುಗಳಲ್ಲಿ ಯಾರ ಕೈಗೂ ಸಿಗುತ್ತಿಲ್ಲವಂತೆ.

೨. ಬಾಗಿಲ ಎದುರಿನ ಪೂಜೆ

ಇಲ್ಲಿಯವರೆಗೆ ಬರೀ ನಗುವಿತ್ತು. ಮೇ ತಿಂಗಳಲ್ಲಿ ಎಂಟನೇ ಕ್ಲಾಸಿನ ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗೆ ಸ್ಪೇನಿನ ಗೂಳಿಕಾಳಗ ಆರಿಸಿಕೊಂಡಳು. ಮನೆಯೊಳಗೆ ಜೇಡ ಬಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಹುಡುಗಿ ಅವಳು. ಒಂದು ವಾರ ಓದಿ ಊಟದ ಹೊತ್ತಿಗೆ ನಮಗೆಲ್ಲ ವಿವರಿಸಿದಳು. ಮಿಂಚುವ ಬಟ್ಟೆ ತೊಟ್ಟ ಮನುಷ್ಯ, ಕೈಯಲ್ಲಿ ಕೆಂಪು ವಸ್ತ್ರ, ಗೂಳಿ ದಣಿದ ಮೇಲೆ ಕತ್ತಿ. ಮನುಷ್ಯ ಸಾವನ್ನು ಎದುರಿಸಿ ಗೆಲ್ಲುವುದರ ಸಂಕೇತವಂತೆ ಅದು. ಆ ವಸ್ತ್ರದ ಕೆಂಪು ಗೂಳಿಗೆ ಕಾಣುವುದೇ ಇಲ್ಲವಂತೆ, ಕೆಂಪೇನಿದ್ದರೂ ನೋಡಲು ಕೂತ ಜನರಿಗಾಗಿ.

ಮೊಮ್ಮಗಳಿಗೆ ಹೋರಿಯೆಂದರೆ ಆಸಕ್ತಿ ಎಂದು ತಿಳಿದು ಅಪ್ಪ ಹಿಗ್ಗಿ ಹೋದರು. ಕೂಡಲೇ ಫೋನು ತೆಗೆದು ತೋರಿಸಿದರು. ರುಮಾಲು ಸುತ್ತಿದ ಅಜ್ಜ, ಕೈಯಲ್ಲಿ ಹಗ್ಗ, ಚೂಪು ಕೋಡಿನ ಹೋರಿ, ಸುತ್ತ ಕಿರುಚುವ ಸಾವಿರ ಜನ. ಅವಳು ಫೋಟೋ ನೋಡಿದಳು, ಅಜ್ಜನನ್ನು ನೋಡಿದಳು, ಎದ್ದು ರೂಮಿಗೆ ಹೋದಳು. ನಾನು ಹಿಂದೆಯೇ ಹೋದರೆ, “ಅಮ್ಮ, ಹೀ ಈಸ್ ಒನ್ ಆಫ್ ದೆಮ್” ಎಂದು ಬಾಗಿಲು ಹಾಕಿಕೊಂಡಳು.

ಅವಳಿಗೆ ನಾನೇ ಬಿಡಿಸಿ ಹೇಳಬೇಕಿತ್ತು. ಆದರೆ ಹದಿನೆಂಟು ವರ್ಷದಿಂದ ಇಲ್ಲಿ ಯಾರು ಕೇಳಿದರೂ ನಮ್ಮಪ್ಪ ರೈತರು ಎಂದು ಹೇಳಿ, ಹೋರಿಯ ವಿಷಯವನ್ನು ನುಂಗಿಕೊಂಡವಳು ನಾನು. ಈಗ ಹೇಳಹೋದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಸುಮ್ಮನಿದ್ದೆ. ಅಪ್ಪ ದಿನಾ ಕಿತ್ತಳೆ ಸುಲಿದು ಅವಳ ಬಾಗಿಲವರೆಗೆ ಹೋಗಿ, ಹಾಗೇ ವಾಪಸು ತಂದು, ತಾವೇ ತಿನ್ನುತ್ತಿದ್ದರು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಹೊರಡುವುದರೊಳಗೆ ಇವರಿಬ್ಬರೂ ಒಂದು ಸಲ ಮಾತಾಡಿದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ದಿನ ಅವಳು ತನ್ನ ಪೋಸ್ಟರನ್ನು ಅಪ್ಪನ ರೂಮಿನ ಎದುರು ಗೋಡೆಗೆ ಅಂಟಿಸಿದಳು. ದೊಡ್ಡದೊಂದು ಗೂಳಿಯ ಚಿತ್ರ, ಕೆಳಗೆ ಈ ಹಿಂಸೆ ನಿಲ್ಲಿಸಿ ಎಂದು ದಪ್ಪ ಇಂಗ್ಲಿಷ್ ಅಕ್ಷರ. ಅಪ್ಪನಿಗೆ ಇಂಗ್ಲಿಷ್ ಬಾರದು. ಕಣ್ಣು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

“ನೋಡವ್ವಾ, ಕೂಸು ಮಾತಾಡ್ಲಿಲ್ಲಂದ್ರೂ ನನ್ನ ಬಾಗಲಾ ಮುಂದ ಬಸವಣ್ಣನ್ನ ಹಚ್ಚೈತಿ.”

ಮರುದಿನ ಸ್ನಾನ ಮುಗಿಸಿ ಬಂದವರು ಅದರ ಹಣೆಗೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟರು. ಒಂದು ವಾರ ಪೂಜೆ ನಡೆಯಿತು. ಮಗಳು ಸಿಟ್ಟಿನಲ್ಲಿ ಪೋಸ್ಟರನ್ನು ಹಾಗೇ ಕಿತ್ತು ಶಾಲೆಗೆ ಒಯ್ದಳು. ಪೂರ್ತಿ ಮಾರ್ಕು ಬಂತು. ಹಣೆಯ ಮೇಲಿನ ಗಾಯವನ್ನು ತೋರಿಸಿದ ರೀತಿ ಮನ ಕಲಕುತ್ತದೆ ಎಂದು ಟೀಚರು ಬರೆದಿದ್ದರು.

೩. ಹಸಿರು ಬಿನ್ನು, ನೀಲಿ ಬಿನ್ನು

ನಮ್ಮನೆಯವರು ಮಂಗಳೂರು ಕಡೆಯವರು, ಅಂದರೆ ಕಂಬಳದವರು. ಮಾವನಿಗೂ ಮಗಳಿಗೂ ರಾಜಿ ಮಾಡಿಸಲು ಹೊರಟರು. ಮಾವ, ನಿಮ್ಮದೂ ಕಂಬಳ ಅಂತ ಅವಳಿಗೆ ಹೇಳಿಬಿಡಿ, ಕೋಣ ಕೆಸರಿನಲ್ಲಿ ಓಡ್ತದೆ, ಮನುಷ್ಯ ಹಿಂದೆ ಓಡ್ತಾನೆ, ಜಗಳವೇ ಇಲ್ಲ ಎಂದು ಸಲಹೆ ಕೊಟ್ಟರು. ಅಪ್ಪನಿಗೆ ಕೋಪ ಬಂತು.

“ಹಿಂದ ಓಡೂದ್ರಾಗ ಏನೈತ್ರಿ ಅಳಿಯಾರ? ಮುಂದ ನಿಂದ್ರಬೇಕು.”

“ಮುಂದೆ ನಿಂತವ ಓಡುವುದೇ ಇಲ್ಲ ಮಾವ. ಓಡದಿದ್ರೆ ಅದು ಎಂತದ್ದು ಸ್ಪರ್ಧೆ?”

ಶನಿವಾರ ಬೆಳಿಗ್ಗೆ ಶುರುವಾದ ವಾದ ಮಧ್ಯಾಹ್ನದ ಹೊತ್ತಿಗೆ ಹಿತ್ತಲಿಗೆ ಇಳಿಯಿತು. ಕೋಣವೂ ಹೋರಿಯೂ ಇಲ್ಲದ ಕಾರಣ ಚಕ್ರದ ಎರಡು ಕಸದ ಬಿನ್ನುಗಳನ್ನು ನನ್ನ ದುಪಟ್ಟಾದಿಂದ ಜೋಡಿ ಕಟ್ಟಿದರು. ಅಪ್ಪ ಅದಕ್ಕೆ ಇಂಡಿಯನ್ ಗ್ರೋಸರಿಯಿಂದ ತಂದ ಕೊಬ್ಬರಿ ಸರ ಹಾಕಿ, ಸೊಂಟಕ್ಕೆ ಟವೆಲ್ಲು ಬಿಗಿದು ಎದುರು ನಿಂತರು. ಸ್ಪ್ರಿಂಕ್ಲರಿನಿಂದ ನೆನೆದ ಹುಲ್ಲಿನ ಮೇಲೆ ನಮ್ಮನೆಯವರು ಬಿನ್ನು ತಳ್ಳಿಕೊಂಡು ಓಡಿದರು. ಅರ್ಧ ದಾರಿಯಲ್ಲಿ ಕಾಲು ಜಾರಿ ಅವರು ಮಕಾಡೆ ಬಿದ್ದರು, ಬಿನ್ನು ಮಾತ್ರ ಮುಂದಕ್ಕೆ ಹೋಯಿತು. ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕೊಬ್ಬರಿ ಹರಿದುಕೊಂಡರು. ಬಿನ್ನು ಹೋಗಿ ಬೇಲಿಗೆ ಗುದ್ದಿತು.

ಬೇಲಿಯ ಮೇಲೆ ಪಕ್ಕದ ಮನೆಯ ಮುದುಕರ ಬಿಳಿತಲೆ ಮೂಡಿತು. ಪೋರ್ಚುಗೀಸರು, ಅವರ ಅಜ್ಜ ಯಾವುದೋ ದ್ವೀಪದಿಂದ ಬಂದವರಂತೆ. ಆರು ವರ್ಷದಲ್ಲಿ ಅವರ ಜೊತೆ ಹಾಯ್ ಎನ್ನುವುದು ಬಿಟ್ಟರೆ ಮಾತಿರಲಿಲ್ಲ. ಇವರಿಗೆ ಏನಂತ ಹೇಳಲಿ ಎಂದು ನಾನು ಒದ್ದಾಡುತ್ತಿದ್ದರೆ, ಅವರು ಅಪ್ಪನ ಕೈಯ ಕೊಬ್ಬರಿಯನ್ನೂ ಬಿನ್ನನ್ನೂ ನೋಡಿ, ಇದರಲ್ಲಿ ಗೂಳಿ ಯಾವುದು, ಹಸಿರೋ ನೀಲಿಯೋ ಎಂದು ಕೇಳಿದರು.

ಒಳಗೆ ಹೋಗಿ ಹಳೆಯ ಫೋಟೋ ತಂದರು. ಇಪ್ಪತ್ತರ ಹುಡುಗನಾಗಿದ್ದಾಗ ಸೊಂಟದ ಮೇಲೆ ಕೈಯಿಟ್ಟು ಗೂಳಿಯ ಎದುರು ನಿಂತಿದ್ದಾರೆ. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಅಪ್ಪ ಸೊಟ್ಟಗಾದ ಬೆರಳು ತೋರಿಸಿದರು, ಅವರು ಮುರಿದು ಕೂಡಿದ ಹೆಗಲಿನ ಎಲುಬು ತೋರಿಸಿದರು. ಅರ್ಧ ಗಂಟೆಯಲ್ಲಿ ಬೀಗರಿಗಿಂತ ಹತ್ತಿರವಾದರು. ಜೂನಿನಲ್ಲಿ ಒಳನಾಡಿನ ವ್ಯಾಲಿಯಲ್ಲಿ ನಮ್ಮ ಜನರ ಹಬ್ಬವಿದೆ, ಗೂಳಿಗೆ ಒಂದು ಗೀರೂ ಆಗದ ಕಾಳಗ, ಎಲ್ಲರೂ ಬನ್ನಿ ಎಂದು ಕರೆದರು. ಇಷ್ಟರಲ್ಲಿ ನಮ್ಮನೆಯವರನ್ನು ಎಬ್ಬಿಸುವುದು ಎಲ್ಲರಿಗೂ ಮರೆತೇಹೋಗಿತ್ತು.

೪. ನಂಬರ್ ನಲವತ್ತೊಂದು

ಮಗಳು ನಾನೂ ಬರ್ತೀನಿ ಎಂದಾಗ ಖುಷಿಪಟ್ಟೆ. ಪ್ರತಿಭಟನೆ ಮಾಡಲು ಎಂದು ಆಮೇಲೆ ತಿಳಿಯಿತು. ಎರಡು ಗಂಟೆ ಫ್ರೀವೇಯಲ್ಲಿ ಪೋಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಅಖಾಡದಲ್ಲಿ ಪಕ್ಕದ ಮನೆಯವರು ನಮಗೆಲ್ಲ ವಿವರಿಸಿದರು. ಗೂಳಿಯ ಬೆನ್ನಿಗೆ ಅಂಟಿಸಿರುವುದು ವೆಲ್‌ಕ್ರೋ, ಚುಚ್ಚದೆ ಅಂಟಿಕೊಳ್ಳಲಿ ಎಂದು ಈಟಿಯ ತುದಿಯಲ್ಲೂ ವೆಲ್‌ಕ್ರೋ, ಕೋಡಿಗೆ ತೊಗಲಿನ ಹೊದಿಕೆ. ಕೊನೆಗೆ ಎಂಟು ಜನ ಬರಿಗೈಯಲ್ಲಿ ಸಾಲಾಗಿ ನಿಂತು ಗೂಳಿಯನ್ನು ಅಪ್ಪಿ ನಿಲ್ಲಿಸಬೇಕು. ಗೂಳಿಯೆಂದರೆ ನಮ್ಮ ಭಯ, ಭಯವನ್ನು ಅಪ್ಪಿಕೊಳ್ಳುವುದೇ ಗಂಡಸುತನ ಎಂದರು. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅಪ್ಪ ಕೇಳಿ ಮುಗಿಸಿ, ಹೋರಿಯ ಹೆಸರೇನು ಅಂದರು.

ಹೆಸರಿಲ್ಲ, ನಂಬರ್ ನಲವತ್ತೊಂದು ಎಂದರು ಅವರು. ಗೆದ್ದರೆ ಏನು ಕೊಡುತ್ತಾರೆ ಎಂದು ಕೇಳಿದರೆ, ಆ ಎಂಟು ಜನಕ್ಕೆ ಹೂವು, ಚಪ್ಪಾಳೆ. ಗೂಳಿಗೆ? ಗೂಳಿ ಟ್ರಕ್ಕು ಹತ್ತಿ ವಾಪಸು ಹೋಗುತ್ತದೆ.

ಅಪ್ಪ ಎದ್ದು ನಿಂತೇಬಿಟ್ಟರು. “ಹಿಂಗಾದ್ರ ಹೆಂಗ? ಗೆಲ್ಲೂದು ಹೋರಿ. ತಾಲೂಕಿನ ತುಂಬ ಹೇಳೂದು ಹೋರಿ ಹೆಸರು. ನಾವು ಮಂದಿ ಬರೇ ಸೋಲಾಕ ಇರೂದು.”

ಮಗಳು ತಿರುಗಿದಳು. ಅವಳು ಕನ್ನಡ ಮಾತಾಡುವುದು ಕಡಿಮೆ, ಅರ್ಥವಾಗದೆ ಇರುವುದು ಇನ್ನೂ ಕಡಿಮೆ. “ಅಜ್ಜ, ಯೂ ಡೋಂಟ್ ಫೈಟ್ ಹಿಮ್?” ಎಂದಳು. ಆರು ವಾರದ ಮೇಲೆ ಅವಳ ಬಾಯಿಂದ ಬಂದ ಮೊದಲ ‘ಅಜ್ಜ’ ಅದು.

ನಾನು ಕನ್ನಡಿಸಿದೆ. ನಾನ್ಯಾಕೆ ಫೈಟ್ ಮಾಡಲಿ, ನಾನು ಅವನ ಆಳು ಎಂದರು ಅಪ್ಪ. ಅವಳು ಬಿಡಲಿಲ್ಲ. ಸರದಾರನಿಗೆ ಓಡುವುದು ಇಷ್ಟವಾಗಿತ್ತಾ ಎಂದು ಕೇಳಿದಳು. ಅಪ್ಪ ಸೊಟ್ಟ ಬೆರಳು ಸವರಿಕೊಂಡು ಹೇಳಿದರು.

“ಮೊದಮೊದಲು ಜಿಗೀತಿದ್ದ. ಆಮ್ಯಾಲ ಮಂದಿ ಗದ್ಲಕ್ಕ ನಡಗಾಕ ಹತ್ತಿದ. ಅವತ್ತ ಬಿಡಿಸಿದೆ ತಂಗಿ. ಒಂದು ವರ್ಷ ಮೊದ್ಲ ಬಿಡಿಸಬೇಕಿತ್ತು.”

ನನ್ನ ಕಣ್ಣು ತುಂಬಿತು. ಈ ಮಾತನ್ನು ಅಪ್ಪ ನನ್ನೆದುರೂ ಆಡಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಮಗಳು ಹೋಗಿ ಅಜ್ಜನ ಪಕ್ಕ ಕೂತಳು.

ಅಷ್ಟರಲ್ಲಿ ಎಂಟು ಜನ ಸಾಲಾಗಿ ನಿಂತರು. ನಂಬರ್ ನಲವತ್ತೊಂದು ಬಂದ ರಭಸಕ್ಕೆ ಮೊದಲನೆಯವನು ಹಾರಿ ಎರಡನೆಯವನ ಮೇಲೆ, ಎರಡನೆಯವನು ಮೂರನೆಯವನ ಮೇಲೆ ಬಿದ್ದು, ಎಂಟೂ ಜನ ಮಣ್ಣು ಮುಕ್ಕಿದರು. ಮೂರು ಸಲ ಹಾಗೇ ಆಯಿತು. ಜನರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾಗ ಇಬ್ಬರು ಮಾತ್ರ ಬೆಂಚು ಹತ್ತಿ ಕುಣಿಯುತ್ತಿದ್ದರು. ಒಬ್ಬರು ಶಾಲು ಬೀಸುತ್ತಿದ್ದ ನಮ್ಮಪ್ಪ. ಇನ್ನೊಬ್ಬಳು ನನ್ನ ಮಗಳು. ಪೋಸ್ಟರನ್ನು ತಿರುಗಿಸಿ ಹಿಂದೆ ನಲವತ್ತೊಂದು ಎಂದು ಬರೆದು ಎತ್ತಿ ಹಿಡಿದಿದ್ದಳು.

೫. ಕೆಳಗಿನ ಖಾನೆ

ಎಲ್ಲ ಮುಗಿದ ಮೇಲೆ ಅಪ್ಪ ಗೂಳಿಯ ಮಾಲೀಕರನ್ನು ಹುಡುಕಿಕೊಂಡು ಹೋಗಿ, ಆ ಶಾಲನ್ನು ಅವರಿಗೆ ಹೊದಿಸಿ, ಮನೆಯಿಂದ ತಂದಿದ್ದ ಕೊಬ್ಬರಿ ಸರ ಹಾಕಿದರು. ಆ ದೊಡ್ಡ ಮೈಯ ಮನುಷ್ಯ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗೂಳಿ ಗೆದ್ದಿತೆಂದು ಇಷ್ಟು ವರ್ಷದಲ್ಲಿ ಯಾರೂ ಬಂದು ಹೇಳಿರಲಿಲ್ಲವಂತೆ. ನಿಮ್ಮ ಕಡೆ ಗೆದ್ದ ಗೂಳಿಗೆ ಏನು ಕೊಡುತ್ತಾರೆ ಎಂದು ಕೇಳಿದರು. ಫ್ರಿಜ್ಜು ಎಂದರು ಅಪ್ಪ.

ಅವರು ಯೋಚಿಸಿ, ಫ್ರಿಜ್ಜು ಇಟ್ಟುಕೊಂಡು ಗೂಳಿ ಏನು ಮಾಡುತ್ತದೆ ಅಂದರು.

ಅಪ್ಪ ತಲೆ ಕೆರೆದುಕೊಂಡರು. ನಾವೇ ಇಟ್ಟುಕೊಂಡಿದ್ದೇವೆ ಎಂದು ಮೆಲ್ಲಗೆ ಒಪ್ಪಿಕೊಂಡರು. “ಅಜ್ಜ, ದಟ್ಸ್ ಹಿಸ್ ಫ್ರಿಜ್” ಎಂದಳು ಮಗಳು. ವಾಪಸು ಬರುವಾಗ ಎರಡು ಗಂಟೆಯೂ ಅಜ್ಜ ಮೊಮ್ಮಗಳು ಕನ್ನಡ ಇಂಗ್ಲಿಷು ಬೆರೆಸಿ ಅದೇ ವಿಷಯಕ್ಕೆ ಜಗಳವಾಡಿದರು. ಅಷ್ಟು ಇಂಪಾದ ಜಗಳವನ್ನು ನಾನು ಕೇಳಿಯೇ ಇಲ್ಲ.

ಆಗಸ್ಟಿನಲ್ಲಿ ಅಪ್ಪ ಊರಿಗೆ ಹೋದರು. ಈಗ ಪ್ರತಿ ಭಾನುವಾರ ವಿಡಿಯೋ ಕಾಲು. ಮಗಳು ಕರೆ ಮಾಡುವುದೇ ತಪಾಸಣೆಗೆ. ಅಪ್ಪ ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಬೇಕು. ಕೆಳಗಿನ ಎರಡು ಖಾನೆ ಸರದಾರನಿಗೆ, ಅದರ ತುಂಬ ಕಲ್ಲಂಗಡಿ. ಅವ್ವನ ಹಾಲು ಮೊಸರು ಈಗ ಮೊದಲಿನಂತೆ ತೊಲೆಗೆ ಕಟ್ಟಿದ ಹಗ್ಗದ ನೆಲವಿನಲ್ಲಿ ತೂಗುತ್ತವೆ. ಹೋದ ವಾರ ಅಪ್ಪನ ಮುಖ ಸಪ್ಪಗಿತ್ತು. ಏನಾಯಿತು ಎಂದು ಮಗಳು ಗಾಬರಿಯಾಗಿ ಕೇಳಿದಳು.

“ಏನ್ ಹೇಳ್ಲಿ ತಂಗಿ, ಊರಾಗ ಎರಡು ದಿನಾತು ಕರೆಂಟಿಲ್ಲ. ಬೆಚ್ಚಗಿನ ಕಲ್ಲಂಗಡಿ ಇಟ್ರ ಅಂವಾ ಮೂಸಿ ಸೈತ ನೋಡವಲ್ಲ. ನಿಮ್ಮಜ್ಜಿ ಕರೆಂಟ್ ಆಫೀಸಿಗೆ ಹೋಗ್ಯಾಳ, ಹೋರಿ ಉಪವಾಸ ಐತಿ ಅಂತ ಅರ್ಜಿ ಕೊಡಾಕ.”