ಸೆಮಿಸ್ಟರಿಗೊಂದೇ ಮುಖ

ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದದ್ದರಿಂದ ಯಾರಿಗಾದರೂ ಕೇಡಾದ ಉದಾಹರಣೆ ಮುಳಬಾಗಿಲಿನಲ್ಲಿ ಅದುವರೆಗೆ ಇರಲಿಲ್ಲ. ಆ ಕೀರ್ತಿ ಇತಿಹಾಸದ ಅತಿಥಿ ಉಪನ್ಯಾಸಕ ಕೋದಂಡರಾಮಪ್ಪನವರಿಗೆ ಮೀಸಲಾಗಿತ್ತು. ಹಾಗಂತ ತಲೆ ಬೋಳಿಸಿಕೊಂಡವರು ಅವರಲ್ಲ, ಅವರ ವಿದ್ಯಾರ್ಥಿಗಳು.

ಎಲ್ಲಕ್ಕೂ ಮೂಲ ಅವರದೇ ಒಂದು ಮಾತು. ವಿಶ್ವವಿದ್ಯಾಲಯ ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಹಿಂದಿನ ಸೆಮಿಸ್ಟರಿನಿಂದ ಉತ್ತರಪತ್ರಿಕೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸತೊಡಗಿತ್ತು. "ಕೈಯಲ್ಲಿ ಹಿಡ್ಕೊಂಡು ಓದೋವಾಗ್ಲೇ ನಿಮ್ಮ ಅಕ್ಷರ ಅರ್ಥ ಆಗ್ತಿರ್ಲಿಲ್ಲ. ಇನ್ನು ಪರದೆ ಮೇಲೆ ಯಾರು ಓದ್ತಾರ್ರೋ? ಪಾಸಾದ್ರೆ ಮುಡಿ ಕೊಡ್ತೀವಿ ಅಂತ ತಿಮ್ಮಪ್ಪಂಗೆ ಹೇಳ್ಕೊಳ್ಳಿ" ಎಂದು ಅವರು ಹುಡುಗರಿಗೆ ತಮಾಷೆ ಮಾಡಿದ್ದರು. ಮೇಷ್ಟರ ಬೇರೆ ಯಾವ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಹುಡುಗರು ಇದೊಂದನ್ನು ಶಿರಸಾ ವಹಿಸಿದರು. ಫಲಿತಾಂಶ ಬಂತು, ಎಲ್ಲರೂ ಪಾಸು. ಭಾನುವಾರ ತರಗತಿಯ ಹುಡುಗರೆಲ್ಲ ಒಟ್ಟಾಗಿ ಬಸ್ಸು ಹತ್ತಿದರು. ಸೋಮವಾರ ಬೆಳಿಗ್ಗೆ ಗಂಧ ಮೆತ್ತಿದ ಬೋಳುತಲೆ ಹೊತ್ತು, ಮೇಷ್ಟರಿಗೆಂದು ಲಡ್ಡು ಹಿಡಿದುಕೊಂಡು ಕಾಲೇಜಿನ ಗೇಟಿಗೆ ಬಂದರು.

ಮುಖ ನೋಡಿ ಹಾಜರಿ ಹಾಕುವ ಯಂತ್ರ ಕಾಲೇಜಿನಲ್ಲಿ ಚಾಲೂ ಆದದ್ದೂ ಅದೇ ಸೋಮವಾರ.

ಹಿಂದಿನ ವಾರವಷ್ಟೇ ಎಲ್ಲರ ಮುಖವನ್ನೂ ಅದಕ್ಕೆ ಪರಿಚಯ ಮಾಡಿಸಿದ್ದರು. ಆಗ ಹುಡುಗರ ಕೂದಲು ಹಣೆ ದಾಟಿ, ಹುಬ್ಬು ದಾಟಿ, ಕಣ್ಣಿನ ಮೇಲೆ ಇಳಿಬಿದ್ದಿತ್ತು. ಪಾಪದ ಯಂತ್ರ, ಕಂಡದ್ದನ್ನು ನೆನಪಿಟ್ಟುಕೊಂಡಿತ್ತು. ಈಗ ಮೊದಲು ಬಂದ ಆಂಜಿ ಅದರೆದುರು ಮುಖ ಒಡ್ಡಿದ. ಒಳಗಿನಿಂದ ಹೆಣ್ಣು ದನಿಯೊಂದು, "ಕ್ಷಮಿಸಿ, ನಿಮ್ಮ ಪರಿಚಯವಿಲ್ಲ" ಎಂದಿತು. ವೆಂಕಟ್ ಒಡ್ಡಿದ. ಅವನ ಪರಿಚಯವೂ ಇರಲಿಲ್ಲ. ಸಾಲಿನಲ್ಲಿ ನಿಂತಿದ್ದ ಒಂದು ತಲೆಯ ಪರಿಚಯವೂ ಅದಕ್ಕಿರಲಿಲ್ಲ.

"ಸಾರ್, ನಮ್ಮ ಅಮ್ಮನೇ ಬೆಳಿಗ್ಗೆ ಬಾಗಿಲು ತೆಗ್ದು ಯಾರಪ್ಪಾ ನೀನು ಅಂದ್ಲು. ಇನ್ನಿದು ಮಿಷನ್ನು" ಎಂದ ಆಂಜಿ.

ಕೋದಂಡರಾಮಪ್ಪನವರಿಗೆ ನಗು ಬರಲಿಲ್ಲ. ಮಧ್ಯಾಹ್ನ ಕೋಲಾರದಿಂದ ವಿಶ್ವವಿದ್ಯಾಲಯದ ಹೊಸ ಕೋರ್ಸುಗಳ ಮುಖ್ಯಸ್ಥರಾದ ಡಾಕ್ಟರ್ ಚಂದ್ರಮೋಹನ್ ಬರುವವರಿದ್ದರು. ಯಾವ ವಿಭಾಗದ ಹಾಜರಿ ಯಂತ್ರದಲ್ಲಿ ಅರ್ಧಕ್ಕಿಂತ ಕಡಿಮೆ ಕಾಣುತ್ತದೋ ಅದನ್ನು ಮುಚ್ಚಿ, ಈಗಿನ ಮಕ್ಕಳಿಗೆ ಬೇಕಾದ ಕೋರ್ಸನ್ನು ಆ ಕೋಣೆಯಲ್ಲಿ ತೆರೆಯುವುದು ಎಂದು ಸುತ್ತೋಲೆ ಬಂದಿತ್ತು. ಇತಿಹಾಸ ವಿಭಾಗದಲ್ಲಿದ್ದದ್ದು ಹೆಚ್ಚಾಗಿ ಹುಡುಗರೇ. ಗಂಗಾಲಕ್ಷ್ಮಿ ಮತ್ತು ಅವಳ ಗೆಳತಿ, ಇಬ್ಬರೇ ಹುಡುಗಿಯರು. ವಿಭಾಗ ಹೋದರೆ ಕೋದಂಡರಾಮಪ್ಪನವರ ಕೆಲಸವೂ ಹೋದಂತೆಯೇ. ಅತಿಥಿಯಾಗಿ ಬಂದ ಅವರು ಕಪ್ಪಗಿದ್ದ ಮೀಸೆ ಬೆಳ್ಳಗಾದರೂ ಅತಿಥಿಯಾಗಿಯೇ ಉಳಿದಿದ್ದರು. ಅತಿಥಿಗಳ ಸಂಬಳವೂ ತಿಂಗಳುಗಟ್ಟಲೆ ತಡವಾಗಿ, ಅತಿಥಿಯಂತೆಯೇ ಬಂದು ಹೋಗುತ್ತಿತ್ತು. ಈ ವಯಸ್ಸಿನಲ್ಲಿ ಬೇರೆ ಯಾವ ಮನೆಯ ಬಾಗಿಲು ತಟ್ಟುವುದು?

ಪ್ರಿನ್ಸಿಪಾಲ್ ಭಾರತಮ್ಮನವರ ಕೋಣೆಗೆ ಓಡಿದರು. ಅಲ್ಲಿ ಕಂಪ್ಯೂಟರ್ ವಿಭಾಗದ ಮುರಳಿಮೋಹನ್ ಆಗಲೇ ಕಾಫಿ ಕುಡಿಯುತ್ತ ಕೂತಿದ್ದ. ಇತಿಹಾಸದ ಕೋಣೆ ಖಾಲಿಯಾದರೆ ತನ್ನ ಹೊಸ ಡೇಟಾ ಸೈನ್ಸಿಗೆ ಎಂದು ಅವನು ಯಾವಾಗಲೋ ಅಳತೆ ತೆಗೆದುಕೊಂಡು ಹೋಗಿದ್ದ.

"ಮೇಡಂ, ಹುಡುಗರ ಮುಖ ಇನ್ನೊಂದ್ಸಲ ತೋರಿಸಿ ಸೇರಿಸ್ಕೊಂಡ್ಬಿಟ್ರೆ ಆಯ್ತಲ್ವಾ?"

ಭಾರತಮ್ಮನವರು ಮುರಳಿಮೋಹನನ ಕಡೆ ನೋಡಿದರು. ಅವನು ಲೋಟ ಕೆಳಗಿಟ್ಟು ಬಹಳ ನೊಂದವನಂತೆ ತಲೆಯಾಡಿಸಿದ. "ಆಗಲ್ಲ ಸಾರ್. ಸೆಮಿಸ್ಟರಿಗೆ ಒಂದೇ ಮುಖ. ಬದಲಾಯಿಸ್ಬೇಕು ಅಂದ್ರೆ ಬೆಂಗ್ಳೂರಿನ ಕಂಪನಿಗೆ ಬರೀಬೇಕು. ಅವ್ರು ವಿಶ್ವವಿದ್ಯಾಲಯಕ್ಕೆ ಬರೀತಾರೆ. ವಿಶ್ವವಿದ್ಯಾಲಯ ನಮ್ಗೆ ಬರೆಯುತ್ತೆ. ಅಷ್ಟೊತ್ತಿಗೆ ಹುಡುಗರಿಗೆ ಕೂದಲೇ ಬೆಳೆದಿರುತ್ತೆ, ಬಿಡಿ."

"ರಿಜಿಸ್ಟರಿನಲ್ಲಿ ಪೆನ್ನಲ್ಲಿ ಬರ್ದ್ರೆ?"

"ಮನುಷ್ಯರು ಬರೆದಿದ್ದು ಇನ್ಮೇಲೆ ನಡ್ಯಲ್ಲ ಕೋದಂಡರಾಮಪ್ಪನೋರೇ" ಎಂದರು ಭಾರತಮ್ಮ. "ನಂಗೂ ಸಂಕಟನೇ. ಏನ್ಮಾಡ್ಲಿ ಹೇಳಿ."

ಹೊರಗೆ ಬಂದರೆ ಸಲಹೆ ಕೊಡುವವರ ಸಂತೆಯೇ ನೆರೆದಿತ್ತು. ಕಷ್ಟ ಒಬ್ಬನಿಗೆ ಬಂದರೆ ಬುದ್ಧಿ ಊರಿಗೆಲ್ಲ ಬರುತ್ತದೆ. ಲೈಬ್ರರಿಯವರು ಹುಡುಗರು ಮಫ್ಲರ್ ಕಟ್ಟಲಿ ಎಂದರು. ಕಟ್ಟಿದರು. ಯಂತ್ರ ಆಗ "ಕ್ಷಮಿಸಿ" ಅನ್ನುವುದನ್ನೂ ಬಿಟ್ಟು ಸುಮ್ಮನಾಯಿತು. ಅಟೆಂಡರ್ ಪೆದ್ದಪ್ಪ ಕ್ಯಾಂಟೀನಿನಿಂದ ಬಾಣಲೆ ಮಸಿ ಕೆರೆದು ತಂದು, ಎಣ್ಣೆಯಲ್ಲಿ ಕಲಸಿ ವೆಂಕಟನ ತಲೆಗೆ ಬಳಿದ. ಬಿಸಿಲಿಗೆ ಮಸಿ ಕರಗಿ ಕಣ್ಣಿಗಿಳಿದು ವೆಂಕಟ್ ಲಬೋ ಲಬೋ ಎಂದು ನಲ್ಲಿಗೆ ಓಡಿದ.

"ಸಾರ್, ನಿಜವಾದ ಕೂದ್ಲೇ ಬೇಕಂದ್ರೆ ಏಜಾಜಣ್ಣನ ಅಂಗಡೀಲೈತೆ" ಎಂದ ಆಂಜಿ.

ಆ ಮಾತಿಗೆ ಕೋದಂಡರಾಮಪ್ಪನವರ ಕಿವಿ ನೆಟ್ಟಗಾಯಿತು. ಸುತ್ತಲ ಹಳ್ಳಿಗಳಲ್ಲಿ ಯಾರೇ ಪೌರಾಣಿಕ ನಾಟಕ ಆಡಲಿ, ಕಿರೀಟ, ಗದೆ, ಮೀಸೆ, ವಿಗ್ಗು ಬಾಡಿಗೆಗೆ ಬರುತ್ತಿದ್ದದ್ದು ಏಜಾಜನ ಡ್ರಾಮಾ ಡ್ರೆಸ್ ಅಂಗಡಿಯಿಂದ. ತಾತನ ಕಾಲದಿಂದ ಬಂದ ವ್ಯಾಪಾರ. ಮೇಷ್ಟರು ಸ್ಕೂಟರ್ ಏರಿ ಹೋಗಿ ಕೈಮುಗಿದು ನಿಂತರು.

"ಇವತ್ತಾ? ಏಮ್ ಸಾರ್ ನೀವು! ಸಾಯಂಕಾಲ ಕುರುಡುಮಲೆ ಹತ್ರ ನಾಟಕ ಐತೆ. ವಿಗ್ಗು ಹಾಳಾದ್ರೆ ರಾಜ ಬೋಳುತಲೇಲಿ ಕುಣೀಬೇಕಾಗುತ್ತೆ" ಎಂದ ಏಜಾಜ್. ಮೇಷ್ಟರ ಮುಖ ನೋಡಿ ಅವನಿಗೂ ಮನಸ್ಸು ಕರಗಿತು. "ಆಯ್ತು, ಕೊಡ್ತೀನಿ. ಆದ್ರೆ ನಾನೂ ಬರ್ತೀನಿ. ವಿಗ್ಗು ಬಿಟ್ಟು ಕದಲೋನಲ್ಲ ನಾನು."

ಲೈಬ್ರರಿಯ ಹಿಂದೆ ಏಜಾಜ್ ತನ್ನ ಗಾಡಿಯಲ್ಲಿ ತಂದ ಮೂಟೆ ಬಿಚ್ಚಿದ. ಆಂಜಿಗೆ ರಾಕ್ಷಸನ ಕೂದಲು ಬಂತು. ಇನ್ನೊಬ್ಬನಿಗೆ ರಾಜನದು, ಮತ್ತೊಬ್ಬನಿಗೆ ಋಷಿಯ ಜಟೆ, ಉಳಿದವರಿಗೆ ಮಂತ್ರಿ, ಸೇನಾಪತಿ, ದ್ವಾರಪಾಲಕರದು. ಕಡೆಗೆ ಉಳಿದದ್ದು ಸಖಿಯ ಜಡೆಯೊಂದೇ. ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ ವೆಂಕಟನಿಗೆ ಅದೇ ಗತಿಯಾಯಿತು. ಏಜಾಜ್ ಒಬ್ಬೊಬ್ಬರ ಕೂದಲನ್ನೂ ಹಣೆಯ ಮೇಲೆ ಎಳೆದು ಬಾಚಿ, ಅವರವರ ಮೊಬೈಲಿನಲ್ಲಿದ್ದ ಹಿಂದಿನ ವಾರದ ಫೋಟೋಗಳಿಗೆ ತಾಳೆ ನೋಡಿ ಸರಿಮಾಡಿದ.

ಆಂಜಿ ಯಂತ್ರದೆದುರು ನಿಂತ.

"ಧನ್ಯವಾದ, ಆಂಜನೇಯ."

ಹುಡುಗರು ಕೇಕೆ ಹಾಕಿದರು. ರಾಜನ ಹಾಜರಿ ಬಿತ್ತು, ಋಷಿಯ ಹಾಜರಿ ಬಿತ್ತು. ವೆಂಕಟ್ ಜಡೆ ಬಿಟ್ಟುಕೊಂಡು ನಾಚುತ್ತ ನಿಂತ. "ಧನ್ಯವಾದ, ಗಂಗಾಲಕ್ಷ್ಮಿ" ಎಂದಿತು ಯಂತ್ರ. ಗಂಗಾಲಕ್ಷ್ಮಿ ಬ್ಯಾಗಿನಿಂದ ಅವನ ಬೆನ್ನಿಗೊಂದು ಕೊಟ್ಟಳು. ಜಡೆಯನ್ನು ಮಡಿಚಿ ಕಾಲರಿನೊಳಗೆ ತುರುಕಿದ ಮೇಲೆ ಅವನೂ ವೆಂಕಟನೆಂದೇ ದಾಖಲಾದ.

ಕೋದಂಡರಾಮಪ್ಪನವರು ಬೆವರೊರೆಸಿಕೊಂಡು ಮೊದಲ ಬಾರಿ ನಕ್ಕರು. "ಸರಿ ಏಜಾಜ್, ಇನ್ನು ಕಿತ್ಕೋ ನಿನ್ನ ವಿಗ್ಗುಗಳ್ನ."

"ಈಗ್ಲೇನಾ? ಬೋಳುತಲೆ ಮೇಲೆ ವಿಗ್ಗು ಹೆಂಗ್ ನಿಲ್ಲುತ್ತೆ ಸಾರ್? ಅಂಟು ಹಾಕಿದೀನಿ. ಎಣ್ಣೆ ಹಚ್ಚಿ ನೆನೆಸಿ ಬಿಡಿಸ್ಬೇಕು. ಕಿತ್ರೆ ಚರ್ಮ ಬರುತ್ತೆ."

ಎಣ್ಣೆ ತರಲು ಪೆದ್ದಪ್ಪ ಅತ್ತ ಹೋದ, ಇತ್ತ ಗೇಟಿನಲ್ಲಿ ಕಾರು ನಿಂತಿತು. ಚಂದ್ರಮೋಹನ್ ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಿದ್ದರು. ಕೋದಂಡರಾಮಪ್ಪನವರು ಕುರಿಮಂದೆಯಂತೆ ಹುಡುಗರನ್ನು ತರಗತಿಗೆ ನುಗ್ಗಿಸಿ, "ಕಮಕ್ ಕಿಮಕ್ ಅನ್ಬೇಡ್ರೋ" ಎಂದು ಬೋರ್ಡಿನ ಕಡೆ ತಿರುಗಿದರು. ಏಜಾಜ್ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ.

ಕಚೇರಿಯಲ್ಲಿ ಯಂತ್ರದ ಲೆಕ್ಕ ನೋಡಿದ ಚಂದ್ರಮೋಹನರಿಗೆ ಅಚ್ಚರಿಯಾಯಿತು. ಇಡೀ ಕಾಲೇಜಿನಲ್ಲಿ ತುಂಬಿದ ತರಗತಿ ಇತಿಹಾಸದ್ದೊಂದೇ. "ಈ ಕಾಲದಲ್ಲಿ ಇತಿಹಾಸಕ್ಕೆ ಇಷ್ಟು ಜನವೇ? ನೋಡಲೇಬೇಕು" ಎಂದು ಎದ್ದರು. ಹಿಂದೆ ಭಾರತಮ್ಮ, ಅವರ ಹಿಂದೆ, ಇನ್ನೇನು ಮೇಷ್ಟರು ಸಿಕ್ಕಿಬೀಳುತ್ತಾರೆಂದು ಹಿಗ್ಗುತ್ತಿದ್ದ ಮುರಳಿಮೋಹನ್.

ಬಾಗಿಲು ತೆರೆಯಿತು. ಮೊದಲ ಬೆಂಚಿನಲ್ಲಿ ರಾಕ್ಷಸ ಮತ್ತು ಋಷಿ ಒಂದೇ ಪುಸ್ತಕ ನೋಡುತ್ತಿದ್ದರು. ರಾಜನಿಗೆ ಅಂಟು ಕಡಿದು ನೆತ್ತಿಯ ಕಡೆ ಕೈ ಹೋಯಿತು.

"ಲೇ ರಾಜ! ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊಳೋ! ತಲೆ ಮುಟ್ಟಬ್ಯಾಡ!" ಹಿಂದಿನಿಂದ ಏಜಾಜ್ ಗದರಿದ. ರಾಜ ಥಟ್ಟನೆ ನೆಟ್ಟಗಾದ.

ಚಂದ್ರಮೋಹನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಇದು?"

ಕೋದಂಡರಾಮಪ್ಪನವರು ಬೋರ್ಡಿನಿಂದ ಈಚೆ ತಿರುಗಿದರು. ಯಂತ್ರಕ್ಕೆ ಮೋಸ, ವಿಶ್ವವಿದ್ಯಾಲಯಕ್ಕೆ ಮೋಸ, ನಾಳೆ ಪೇಪರಿನಲ್ಲಿ ತಮ್ಮ ಫೋಟೋ. ಹೆಂಡತಿ ಮುನಿಲಕ್ಷ್ಮಿಗೆ ಏನೆಂದು ಹೇಳುವುದು? ಭಯಕ್ಕೆ ಬಾಯಿ ತಾನಾಗಿ ತೆರೆದುಕೊಂಡಿತು. "ಸಾರ್, ನಂದೇನೂ ಇಲ್ಲ ಸಾರ್! ಎಲ್ಲಾ ಇವ್ರದೇ!" ಎಂದು ಏಜಾಜನ ಕಡೆ ಕೈ ತೋರಿಸಿದರು. "ವಿಗ್ಗು ಇವ್ರದು, ಹಾಕಿದ್ದು ಇವ್ರು, ಹಿಂಗೇ ಕೂತ್ಕೊಳ್ಳಿ ಅಂದಿದ್ದೂ ಇವ್ರೇ. ನಾನು ಬೋರ್ಡ್ ಕಡೆ ತಿರುಗಿದ್ದೆ ಸಾರ್."

ಚಂದ್ರಮೋಹನ್ ನಿಧಾನವಾಗಿ ಹಿಂದಿನ ಬೆಂಚಿನವರೆಗೆ ನಡೆದರು. ಏಜಾಜ್ ಎದ್ದು ನಿಂತ.

"ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಈ ಕೆಲಸ?"

"ತಾತನ ಕಾಲದಿಂದ ಸಾರ್."

"ಹುಡುಗರು ಗಲಾಟೆ ಮಾಡೋದಿಲ್ವೆ?"

"ವೇಷ ಹಾಕೋತಂಕ ಮಾಡ್ತಾರೆ. ತಲೆ ಮೇಲೆ ರಾಜನ ಕೂದಲು ಕೂತ್ಮೇಲೆ ಎಂಥಾ ಪುಂಡನೂ ರಾಜನೇ ಸಾರ್."

ಚಂದ್ರಮೋಹನರ ಮುಖ ಅರಳಿತು. "ನೋಡಿದಿರಾ ಭಾರತಮ್ಮನವರೇ? ನಾವು ಕೋಲಾರದಲ್ಲಿ ಕೂತು ಅನುಭವದ ಕಲಿಕೆ, ಅನುಭವದ ಕಲಿಕೆ ಅಂತ ಬಡ್ಕೊಳ್ತಾ ಇದ್ದೀವಿ. ಇಲ್ಲಿ ಒಬ್ಬರು ಮಾಡಿಯೇ ತೋರಿಸಿದ್ದಾರೆ! ಪಾತ್ರದೊಳಗೆ ಇಳಿದು ಇತಿಹಾಸ ಕಲಿಯೋದು! ಅದಕ್ಕೇ ತರಗತಿ ತುಂಬಿದೆ." ಏಜಾಜನ ಕೈ ಕುಲುಕಿದರು. "ಪದವಿ ಇಲ್ಲದಿದ್ದರೂ ಕಸುಬಿನ ಅನುಭವ ಇದ್ದವರನ್ನ ಪ್ರಾಧ್ಯಾಪಕರನ್ನಾಗಿ ತಗೊಳ್ಳೋ ಹೊಸ ಯೋಜನೆ ಬಂದಿದೆ. ಯೋಗ್ಯರು ಸಿಕ್ಕದೆ ಜಾಗ ಖಾಲಿ ಬಿದ್ದಿತ್ತು. ಈ ವಿಭಾಗ ಮುಚ್ಚೋದಿಲ್ಲ. ನಾಳೆಯಿಂದ ನೀವೇ ನಡೆಸಿ."

ಮುರಳಿಮೋಹನನ ಮುಖ ಇಂಗು ತಿಂದ ಮಂಗನಂತಾಯಿತು. ಅದನ್ನು ನೋಡಿ ಖುಷಿಪಡುವ ಭಾಗ್ಯ ಕೋದಂಡರಾಮಪ್ಪನವರಿಗೆ ಇರಲಿಲ್ಲ. "ಸಾರ್... ಯೋಚನೆ ಮಾತ್ರ ನಂದೇ ಸಾರ್. ಅಂಗಡಿಗೆ ಹೋಗಿ ಕರ್ಕೊಂಡು ಬಂದಿದ್ದೂ ನಾನೇ" ಎಂದು ತೊದಲಿದರು.

ಚಂದ್ರಮೋಹನ್ ಅವರ ಹೆಗಲ ಮೇಲೆ ಕೈಯಿಟ್ಟರು. "ಈಗ ಆ ಮಾತು ಬೇಡ. ಇನ್ನೊಬ್ಬರ ಕೆಲಸಕ್ಕೆ ನಿಮ್ಮ ಹೆಸರು ಹಾಕ್ಕೊಳ್ಳಲಿಲ್ಲವಲ್ಲ, ಅಷ್ಟು ಪ್ರಾಮಾಣಿಕತೆ ಇಂದಿನ ದಿನದಲ್ಲಿ ಅಪರೂಪ. ಆದರೆ ಒಂದು ವಿಭಾಗಕ್ಕೆ ಇಬ್ಬರನ್ನ ಇಟ್ಟುಕೊಳ್ಳೋಕೆ ನಿಯಮ ಇಲ್ಲ. ನಿಮಗೆ ಒಳ್ಳೇದಾಗಲಿ."

ಸಂಜೆ ವಿಗ್ಗುಗಳೆಲ್ಲ ಎಣ್ಣೆಯಲ್ಲಿ ನೆನೆದು ಬಿಡುಗಡೆಯಾಗಿ ಮೂಟೆ ಸೇರಿದವು. ಕೋದಂಡರಾಮಪ್ಪನವರು ಗೇಟಿನ ಕಟ್ಟೆಯ ಮೇಲೆ ಹುಡುಗರು ಕೊಟ್ಟ ಲಡ್ಡು ಹಿಡಿದು ಕೂತಿದ್ದರು, ತಿನ್ನುವ ಮನಸ್ಸಿರಲಿಲ್ಲ. ಏಜಾಜ್ ಬಂದು ಪಕ್ಕದಲ್ಲಿ ನಿಂತ.

"ಬೇಜಾರ್ ಮಾಡ್ಕೋಬ್ಯಾಡಿ ಸಾರ್. ನಾನೇನು ಕೇಳಿದ್ನಾ? ನೀವೇ ಬೆಟ್ಟು ತೋರಿಸಿದ್ರಿ, ಅವ್ರು ಹಿಡ್ಕೊಂಡ್ರು." ಮೂಟೆ ಕೆಳಗಿಟ್ಟು ಮತ್ತೆ ಶುರುಮಾಡಿದ. "ನಾನು ಪಾಠಕ್ಕೆ ಬಂದ್ರೆ ಅಂಗಡೀಲಿ ಕೂತ್ಕೊಳ್ಳೋರಿಲ್ಲ. ನಿಮ್ಗೆ ರಾಜರೆಲ್ಲ ಗೊತ್ತು, ಯಾರಿಗ್ ಯಾವ ಕಿರೀಟ ಅಂತ ಹೇಳ್ಬೌದು. ಬರ್ತೀರಾ?"

ಕೋದಂಡರಾಮಪ್ಪನವರು ಮನೆಯ ಒಲೆ ನೆನಪಾಗಿ, ಹಳೆಯ ಅಭ್ಯಾಸದಂತೆ ಕೇಳಿದರು. "ಯಾವ ತಿಂಗಳ ಸಂಬಳ ಯಾವ ತಿಂಗಳು ಕೊಡ್ತೀಯಾ?"

ಏಜಾಜನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆಯಾ ತಿಂಗಳದ್ದು ಆಯಾ ತಿಂಗಳು ಸಾರ್!"

ಇಂಥ ಮಾತನ್ನು ಅವರು ಬದುಕಿನಲ್ಲಿ ಕೇಳಿದ್ದೇ ಇಲ್ಲ. ಅರೆಗಳಿಗೆಯೂ ತಡಮಾಡದೆ, ತಮ್ಮ ಸ್ಕೂಟರನ್ನು ಅಲ್ಲೇ ಬಿಟ್ಟು, ವಿಗ್ಗಿನ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಏಜಾಜನ ಗಾಡಿಯ ಹಿಂದೆ ಹತ್ತಿ ಕೂತರು. ಗಾಡಿ ಹೆದ್ದಾರಿಗಿಳಿದು ಕುರುಡುಮಲೆಯ ಕಡೆ ಹೊರಳಿತು.

"ಇನ್ನೊಂದು ಮಾತು ಸಾರ್" ಎಂದ ಏಜಾಜ್ ಗಾಳಿಯಲ್ಲಿ ದನಿಯೇರಿಸಿ. "ಅಂಗಡೀಲಿ ಈಗ ವ್ಯಾಪಾರ ಅಷ್ಟಕ್ಕಷ್ಟೇ. ಕಾಲೇಜಿಂದ ನನ್ನ ಸಂಬಳ ಬಂದಾಗ ಅದ್ರಲ್ಲೇ ನಿಮ್ಗೆ ಕೊಡೋದು, ಆಯ್ತಾ?"