ಪೆಡಲಿಗೆ ಕುಂಕುಮ

ಕಾಯುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಒಲಿದಿರುತ್ತದೆ. ನನಗೆ ಐವತ್ತು ಸಮೀಪಿಸಿದಾಗಲೂ ಒಲಿದಿರಲಿಲ್ಲ, ಈಗಲೂ ಒಲಿದಿಲ್ಲ. ಬಸ್ ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಜೀವ ಚಡಪಡಿಸತೊಡಗುತ್ತದೆ. ಇಲ್ಲಿ ಸುಮ್ಮನೆ ನಿಲ್ಲುವ ಬದಲು ಮುಂದಿನ ಸ್ಟಾಪಿಗೆ ನಡೆದೇಬಿಡೋಣ ಎಂದು ಹೊರಡುತ್ತೇನೆ. ಎರಡು ಸ್ಟಾಪುಗಳ ನಟ್ಟನಡುವೆ ಇರುವಾಗ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ. ಆಗಷ್ಟೇ ನನ್ನ ಜೊತೆ ನಿಂತಿದ್ದವರು ಕಿಟಕಿಯಿಂದ ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸುತ್ತಾರೆ. ಹೀಗೆ ಚಾಮರಾಜಪೇಟೆಯಿಂದ ಮೆಜೆಸ್ಟಿಕ್‌ವರೆಗೂ ನಡೆದೇ ತಲುಪಿದ್ದುಂಟು. ಇಂಥ ಮನುಷ್ಯನ ಮನೆಗೆ ಪಿಯಾನೊ ಬರಬಾರದಿತ್ತು. ಬಂದರೂ ಅದಕ್ಕೆ ಪೆಡಲ್ ಇರಬಾರದಿತ್ತು.

ಎರಡು ಸಾವಿರದ ಆಸುಪಾಸಿನ ಮಾತು. ನಮ್ಮ ಆಫೀಸಿನವರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಡಿಜಿಟಲ್ ಪಿಯಾನೊವನ್ನು ನನಗೆ ಕೊಟ್ಟು ಹೋದರು. ನನ್ನ ಮಗಳು ದೀಪಾ ಆಗ ಏಳನೆಯ ಕ್ಲಾಸು. ಅದಕ್ಕೂ ಮೊದಲು ಅವಳನ್ನು ನನ್ನ ಅಮ್ಮ ಪಕ್ಕದ ಬೀದಿಯ ವೀಣೆ ಟೀಚರ್ ಹತ್ತಿರ ಸೇರಿಸಿದ್ದರು. ದೀಪಾ ಅಲ್ಲಿ ಸರಳೆ ವರಸೆ ಮುಗಿಸುವ ಮೊದಲೇ ಬೆರಳು ನೋವು, ಬೆನ್ನು ನೋವು, ಕೊನೆಗೆ ಹೊಟ್ಟೆ ನೋವು ಎಂದು ತಪ್ಪಿಸಿಕೊಂಡಿದ್ದಳು. ಪಿಯಾನೊ ಬಂದದ್ದೇ ಅಷ್ಟೂ ನೋವು ಮಾಯ! ಶಾಲೆಯಿಂದ ಬಂದು ಬ್ಯಾಗು ಎಸೆದರೆ ಊಟಕ್ಕೆ ಕೂಗುವವರೆಗೂ ಅದರ ಮುಂದೆಯೇ. ಮಲ್ಲೇಶ್ವರದಲ್ಲಿ ಸ್ಟೆಲ್ಲಾ ಮಿಸ್ ಎಂಬವರು ಪಾಠ ಹೇಳತೊಡಗಿದರು. ಹೊರದೇಶದಿಂದ ಪರೀಕ್ಷಕರು ಬಂದು ನಡೆಸುವ ಒಂದು ಪರೀಕ್ಷೆಗೂ ಹೆಸರು ಕೊಟ್ಟಾಯಿತು. ಅಮ್ಮ ಇದನ್ನೆಲ್ಲ ತುಟಿ ಬಿಗಿದು ನೋಡುತ್ತಿದ್ದವರು ಒಂದು ದಿನ ತೀರ್ಪು ಕೊಟ್ಟೇಬಿಟ್ಟರು: "ನೋಡು, ಪಾಸಾದ್ರೆ ಇರ್ಲಿ, ನಾನು ತುಟಿ ಪಿಟಕ್ ಅನ್ನಲ್ಲ. ಫೇಲಾದ್ರೆ ಈ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡು. ಮಗು ಮತ್ತೆ ವೀಣೆಗೆ ಹೋಗ್ಲಿ." ದೀಪಾ ಅಳಲಿಲ್ಲ. ಪಿಯಾನೊದ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದಳು. ಅಂದಿನಿಂದ ನನಗೆ ನಿದ್ದೆ ಹಾರಿಹೋಯಿತು.

ಪಿಯಾನೊದ ಜೊತೆ ಒಂದು ಪುಟ್ಟ ಚೌಕದ ಪೆಡಲ್ ಬಂದಿತ್ತು. ಅದನ್ನು ಕಾಲಲ್ಲಿ ಒತ್ತಿ ಹಿಡಿದರೆ ಕೈ ತೆಗೆದ ಮೇಲೂ ನಾದ ಉಳಿಯುತ್ತದೆ. ಆದರೆ ನಮ್ಮದು ಹಳೆಯ ಮನೆ, ಕೆಂಪು ನೆಲ. ಅಮ್ಮ ಒರೆಸಿ ಒರೆಸಿ ಅದನ್ನು ಮುಖ ಕಾಣುವಷ್ಟು ನುಣುಪು ಮಾಡಿದ್ದರು. ದೀಪಾ ಒಂದು ಸಲ ಒತ್ತಿದರೆ ಪೆಡಲ್ ಗೇಣು ದೂರ ಜಾರುತ್ತಿತ್ತು. ಅವಳ ಕಾಲು ಅದನ್ನು ಹಿಂಬಾಲಿಸುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಪೆಡಲ್ ಗೋಡೆಯ ಹತ್ತಿರ, ಮಗಳು ಕುರ್ಚಿಯಲ್ಲಿ ಮುಕ್ಕಾಲು ಮಲಗಿದ ಭಂಗಿಯಲ್ಲಿ, ಕೈ ಮಾತ್ರ ಮೇಲೆ. ನಾನು ಹಿತ್ತಲಿನಿಂದ ಒರಳಿನ ಗುಂಡು ತಂದು ಪೆಡಲಿನ ಹಿಂದೆ ಒತ್ತು ಕೊಟ್ಟೆ. ಗುಂಡೂ ಉರುಳಿ ನನ್ನ ಕಾಲಿನ ಮೇಲೇ ಬಂತು. ಸ್ಟೆಲ್ಲಾ ಮಿಸ್‌ಗೆ ಇದನ್ನು ಹೇಳಿದರೆ ಅವರು ಇನ್ನೊಂದು ಹುಳ ಬಿಟ್ಟರು. "ಜಾರೋದಿರ್ಲಿ ಸರ್, ಆ ಪೆಡಲ್ಲು ಲೈಟ್ ಸ್ವಿಚ್ ಥರ. ಆನ್, ಇಲ್ಲ ಆಫ್. ಮಧ್ಯ ಏನೂ ಇಲ್ಲ. ಪರೀಕ್ಷೆ ಪೀಸಲ್ಲಿ ಅವಳು ಅರ್ಧ ಒತ್ತೋದು ಕಲೀಬೇಕು. ಮೂರು ಪೆಡಲ್ ಇರೋ ಯೂನಿಟ್ ಬರತ್ತೆ, ಅದನ್ನ ತಗೊಳ್ಳಿ. ಅದು ಸ್ಟ್ಯಾಂಡಿಗೇ ಕೂರತ್ತೆ, ಜಾರಲ್ಲ."

ಸರಿ, ಹುಡುಕಾಟ ಶುರುವಾಯಿತು. ಮೊದಲನೆಯ ಅಂಗಡಿಯಲ್ಲಿ "ನಿಮ್ಮ ಪಿಯಾನೊ ಯಾವ ಮಾಡೆಲ್ ಸಾರ್?" ಎಂದರು. "ಕಪ್ಪಗಿದೆ" ಎಂದೆ. "ಸ್ಟ್ಯಾಂಡು ಯಾವ ಥರದ್ದು?" ಎಂದರು. ಪಿಯಾನೊ ಅದರ ಮೇಲೆ ನಿಂತಿದೆ ಎನ್ನುವುದಕ್ಕಿಂತ ಹೆಚ್ಚಿಗೆ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಟಾರ್ಚ್ ಹಿಡಿದು ಪಿಯಾನೊದ ಕೆಳಗೆ ಅಂಗಾತ ಮಲಗಿ ನೋಡಿದೆ. ನನ್ನ ಕಾಲೆರಡೇ ಹೊರಗೆ ಕಾಣುತ್ತಿದ್ದುದರಿಂದ ಹೆಂಡತಿ ಹೌಹಾರಿದಳು. ಬುದ್ಧಿವಂತನಾದವನು ಒಂದು ಅಂಗಡಿಯಲ್ಲಿ ಹೇಳಿ, ತರಿಸಿಕೊಡುವವರೆಗೂ ಕಾಯುತ್ತಾನೆ. ನಾನು ನಾಲ್ಕಾರು ಅಂಗಡಿಗಳಲ್ಲಿ ಹೇಳಿ, ಅದು ಸಾಲದೆಂದು ಒಂದು ಶನಿವಾರ ಯಾವುದೋ ಬೇರೆ ಮಾಡೆಲಿನದನ್ನು ಹೊತ್ತು ತಂದೆ. ನೋಡಲು ಭರ್ಜರಿಯಾಗಿತ್ತು. ಅದರ ವೈರಿನ ತುದಿ ನಮ್ಮ ಪಿಯಾನೊದ ಯಾವ ತೂತಿಗೂ ಹೋಗಲಿಲ್ಲ. ಸೋಮವಾರ ತಲೆ ತಗ್ಗಿಸಿ ವಾಪಸು ಕೊಟ್ಟು ಬಂದೆ. ಸರಿಯಾದದ್ದು ಸಿಕ್ಕಿದ್ದು ನವರಾತ್ರಿಯ ಹೊಸ್ತಿಲಲ್ಲಿ. ಜೊತೆಗೆ ಅದಕ್ಕೆ ಹೊಂದುವ ಮರದ ಸ್ಟ್ಯಾಂಡನ್ನೂ ಕೊಳ್ಳಬೇಕಾಯಿತು. ಮೂರು ಹಿತ್ತಾಳೆ ಬಣ್ಣದ ಪೆಡಲುಗಳು ಸಾಲಾಗಿ ಮಿರಮಿರ ಮಿಂಚುತ್ತಿದ್ದವು. ಬಲಗಡೆಯದು ನಾದ ಉಳಿಸುತ್ತದೆ, ಎಡಗಡೆಯದು ತಗ್ಗಿಸುತ್ತದೆ. ನಡುವಿನದು ಏನು ಮಾಡುತ್ತದೆ ಎಂದು ಕೇಳಿದರೆ ಸ್ಟೆಲ್ಲಾ ಮಿಸ್ "ಅದು ಇರತ್ತೆ ಬಿಡಿ, ಈಗ್ಲೇ ತಲೆ ಕೆಡಿಸ್ಕೋಬೇಡಿ" ಎಂದರು. ನಾನು ಕೆಡಿಸಿಕೊಂಡೆ. ದೀಪಾ ಮಾತ್ರ ಬಲಗಡೆಯದನ್ನು ಅರ್ಧ ಒತ್ತಿ, ಕಣ್ಣು ಮುಚ್ಚಿ, ಒಂದೇ ಸ್ವರವನ್ನು ಮತ್ತೆ ಮತ್ತೆ ಕೇಳಿಸಿಕೊಂಡಳು. ಅವಳ ಮುಖ ನೋಡಿ ಅಲೆದಾಟವೆಲ್ಲ ಸಾರ್ಥಕವೆನಿಸಿತು.

ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು. ಅಮ್ಮ ನ್ಯಾಯವಂತರು. ಪಿಯಾನೊ ತಮಗೆ ಹಿಡಿಸದಿದ್ದರೂ ವಾದ್ಯ ವಾದ್ಯವೇ ಎಂದು ಅದರ ಮೇಲೆ ತಮ್ಮ ಜರಿಯಂಚಿನ ರೇಷ್ಮೆ ಶಾಲು ಹೊದಿಸಿದರು, ಪುಸ್ತಕಗಳನ್ನು ಜೋಡಿಸಿದರು, ಹೂವಿಟ್ಟರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮಂಡಿ ನೋವಿನಲ್ಲೂ ಕೆಳಗೆ ಕುಳಿತು ಮೂರು ಪೆಡಲುಗಳಿಗೂ ಅರಿಸಿನ ಕುಂಕುಮ ಹಚ್ಚಿ ಒಂದೊಂದು ಸೇವಂತಿಗೆ ಏರಿಸಿದರು. "ಪೂಜೆ ಅಂದ್ಮೇಲೆ ಪೂರ್ತಿ ಆಗ್ಬೇಕು" ಎಂದರು. ವಿಜಯದಶಮಿಯ ಬೆಳಿಗ್ಗೆ ಹೂವೆಲ್ಲ ತೆಗೆದ ಮೇಲೆ ದೀಪಾ ನುಡಿಸಲು ಕುಳಿತಳು. ಕೆಳಗೆ ನೋಡಿದಳು. ಎರಡೂ ಕಾಲು ಮಡಿಸಿ ಕುರ್ಚಿಯ ಮೇಲೆ ಇಟ್ಟುಕೊಂಡಳು. "ನಾನು ತುಳಿಯಲ್ಲಪ್ಪ. ಕುಂಕುಮ ಇದೆ."

ಪರೀಕ್ಷೆಗೆ ಉಳಿದಿದ್ದದ್ದು ಒಂದೇ ವಾರ! ನಾನು ಒದ್ದೆ ಬಟ್ಟೆ ತಂದೆ. "ಏನೋ ಅದು? ಹಬ್ಬದ ದಿನ ಕುಂಕುಮ ಒರೆಸ್ತೀಯೇನೋ?" ಎಂದು ಅಮ್ಮ ಗದರಿದ ರಭಸಕ್ಕೆ ಬಟ್ಟೆ ಕೈಯಿಂದ ಬಿತ್ತು. ಆಯುಧಪೂಜೆ ಮಾಡಿದ ಬಸ್ಸನ್ನು ಡ್ರೈವರ್ ಕಾಲಲ್ಲಿ ತುಳಿದೇ ಓಡಿಸುತ್ತಾನಲ್ಲ ಎಂದು ವಾದಿಸಿದೆ. "ಅವನು ಎಕ್ಸಾಮ್ ಬರೀತಾನಾ?" ಎಂದಳು ಮಗಳು. ಇದೆಲ್ಲ ಅಮ್ಮನ ಹೂಟವೇ ಎಂಬ ಅನುಮಾನ ನನಗೆ ಬಂದೇಬಿಟ್ಟಿತು. ವೀಣೆಗೆ ದಾರಿ ಮಾಡಲು ಹೆತ್ತ ತಾಯಿ ಸರಸ್ವತಿಯನ್ನೇ ಬಳಸಿಕೊಂಡರೇ ಎಂದು ಒಳಗೊಳಗೇ ಕುದಿಯುತ್ತ ಹಜಾರದ ಉದ್ದಕ್ಕೂ ಶತಪಥ ಹಾಕಿದೆ. ಅಮ್ಮ ನನ್ನತ್ತ ನೋಡಲೂ ಇಲ್ಲ. ದೀಪಾಳ ಹತ್ತಿರ ಬಂದು, "ಬೆಳಗ್ಗೆ ಎದ್ದು ಭೂಮಿ ಮೇಲೆ ಕಾಲಿಡೋಕೆ ಮುಂಚೆ ಏನ್ ಮಾಡ್ತೀಯಾ?" ಎಂದರು. "ಮುಟ್ಟಿ ನಮಸ್ಕಾರ ಮಾಡ್ತೀನಿ." "ಆಮೇಲೆ ಇಡೀ ದಿನ ತುಳಿಯಲ್ವಾ? ಆ ತಾಯಿ ಬೇಜಾರು ಮಾಡ್ಕೊಂಡಿದಾಳಾ? ಇದೂ ಹಾಗೇನೆ. ಮುಟ್ಟಿ ಕಣ್ಣಿಗೆ ಒತ್ಕೊ, ನುಡಿಸು. ಕುಂಕುಮ ತಾನಾಗೇ ಹೋಗತ್ತೆ." ಮೊದಲೆರಡು ದಿನ ಮಗಳು ಕಾಲಿಟ್ಟಾಗಲೆಲ್ಲ ಬಗ್ಗಿ ನಮಸ್ಕಾರ ಮಾಡಿದ್ದರಿಂದ ಹಾಡು ನಿಂತು ನಿಂತು ಸಾಗಿತು. ಶುರುವಿಗೆ ಒಂದು ಸಲ ಸಾಕು ಎಂದು ಅಮ್ಮನೇ ರಿಯಾಯಿತಿ ಕೊಟ್ಟರು.

ಪರೀಕ್ಷೆಯ ದಿನ ನಾವಿಬ್ಬರೂ ಬಹಳ ಮೊದಲೇ ಹೋದೆವು. ಹಳೆಯ ಕಟ್ಟಡ, ಮರದ ನೆಲ. ಮಗಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ, ಎದ್ದೆ, ಮತ್ತೆ ಕುಳಿತೆ. ಪೆಡಲ್ ಬೇಕಾದ ಹಾಡು ಕೇಳಿಸತೊಡಗಿತು. ಅದರ ಒಂದೊಂದು ಸ್ವರವೂ ನನಗೆ ಬಾಯಿಪಾಠ. ಈಗ ಒತ್ತು, ಈಗ ಬಿಡು, ಈಗ ಅರ್ಧ ಎಂದು ಮನಸ್ಸಿನಲ್ಲೇ ಹೇಳಿಕೊಡುತ್ತ ಕುಳಿತೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ತಮ್ಮ ಮಗುವನ್ನು ಕರೆದುಕೊಂಡು ಇನ್ನೊಂದು ಬೆಂಚಿಗೆ ಹೋದರು. ಯಾಕೋ ತಿಳಿಯಲಿಲ್ಲ.

ದೀಪಾ ನಗುತ್ತ ಹೊರಗೆ ಬಂದಳು. "ಅಪ್ಪಾ, ಅಲ್ಲಿ ಪಿಯಾನೊಗೆ ಎರಡೇ ಪೆಡಲ್ಲು! ನಾನು ಬಗ್ಗಿ ನಮಸ್ಕಾರ ಮಾಡಿದ್ನಾ, ಏನೋ ಬಿದ್ದೋಯ್ತು ಅಂತ ಆ ಪರೀಕ್ಷೆ ಮಾಡೋ ತಾತಾನೂ ಬಗ್ಗಿ ಹುಡುಕಿದ್ರು." ಮೆಟ್ಟಿಲು ಇಳಿಯುವಾಗ ಮತ್ತೆ ಹೇಳಿದಳು: "ಚೆನ್ನಾಗೇ ನುಡಿಸ್ದೆ. ಮಧ್ಯದಲ್ಲಿ ಒಂದ್ಸಲ ತಾಳ ತಪ್ಪೋಯ್ತು. ಹೊರಗೆ ಯಾರೋ ಧಪ್ ಧಪ್ ಅಂತ ಕಾಲು ಬಡೀತಿದ್ರು. ತಾತ ಎರಡು ಸಲ ಬಾಗಿಲ ಕಡೆ ಗುರಾಯಿಸಿದ್ರು. ಯಾರಪ್ಪಾ ಅದು?" ನನ್ನ ಬಲಗಾಲಿನ ಮೀನಖಂಡ ಆಗಲೇ ಹಿಡಿದುಕೊಂಡಿತ್ತು. "ಯಾರೋ ಏನೋ ಪುಟ್ಟಾ" ಎಂದು ಕುಂಟುತ್ತಲೇ ಇಳಿದೆ.

ಫಲಿತಾಂಶ ಬರುವವರೆಗೆ ನಾನು ಪಟ್ಟ ಪಾಡು ಬೇಡ. ಪಿಯಾನೊ ಮನೆ ಬಿಟ್ಟರೆ ಅದನ್ನು ಹೊರಹಾಕಿದ್ದು ಅಮ್ಮನಲ್ಲ, ನನ್ನ ಕಾಲು. ಕೊನೆಗೆ ಸ್ಟೆಲ್ಲಾ ಮಿಸ್ ಫೋನ್ ಮಾಡಿ ದೀಪಾ ಪಾಸಾಗಿದ್ದಾಳೆ ಎಂದಾಗ ನಾನು ರಿಸೀವರ್ ಹಿಡಿದೇ ಕುಣಿದೆ. ಅಮ್ಮ ಪಿಯಾನೊದ ಮೇಲಿನ ಧೂಳನ್ನು ತಮ್ಮ ಸೆರಗಿನಿಂದಲೇ ಒರೆಸಿ, "ಇರ್ಲಿ ಬಿಡು, ಮನೇಲೇ ಇರ್ಲಿ" ಎಂದರು. ನಾನು ಗೆದ್ದವನಂತೆ ಎದೆಯುಬ್ಬಿಸಿದೆ. ಆಗ ಅವರು ಮೊಮ್ಮಗಳ ತಲೆ ನೇವರಿಸುತ್ತ ಹೇಳಿದರು: "ಕಾಲು ಬಡಿದವರು ಯಾರು ಅಂತ ನಂಗೊತ್ತು ಪುಟ್ಟಿ. ಮುಂದಿನ ಪರೀಕ್ಷೆಗೆ ನಿನ್ನ ಜೊತೆ ನಾನು ಬರ್ತೀನಿ. ಇವನು ಮನೇಲಿರ್ಲಿ."